ಗಾಳಿಗೆ ಎರಡು ಸಲ ಬೇಡ ಅಂದದ್ದು

ನನ್ನ ಕೋಪ ಮೂಗಿನ ತುದಿಯಲ್ಲೇ ಇದೆ ಎಂಬುದನ್ನು ನಮ್ಮ ಮನೆಯವರು ಮದುವೆಯಾದ ವಾರದಲ್ಲೇ ಕಂಡುಕೊಂಡರು. ಲೆಕ್ಕ ನಾಲಿಗೆಯ ತುದಿಯಲ್ಲಿದೆ ಎಂಬುದನ್ನು ಅದೇ ವಾರ ನಾನೇ ತೋರಿಸಿಕೊಟ್ಟೆ. ತವರೂರು ಕೊಳಗಲ್ಲಿನಲ್ಲಿ ಓದುವಾಗ, ಗಂಟೆಗೆ ಇಷ್ಟು ಕಿಲೋಮೀಟರ್ ಓಡುವ ರೈಲು ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೆ ಎಂದು ಮೇಷ್ಟ್ರು ಕೇಳಿ ಬಾಯಿ ಮುಚ್ಚುವುದರೊಳಗೆ ನನ್ನ ಉತ್ತರ ಬಂದಿರುತ್ತಿತ್ತು. ಐದರಿಂದ ಗುಣಿಸು, ಹದಿನೆಂಟರಿಂದ ಭಾಗಿಸು, ಅಷ್ಟೇ. ಮುಂದೆ ಬಳ್ಳಾರಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದರವರೆಗೆ ಸೆಕೆಂಡು ಎಣಿಸಿ ಡ್ರೈವರ್ ಎಷ್ಟು ಜೋರಾಗಿ ಹೊಡೆಯುತ್ತಿದ್ದಾನೆ ಎಂದು ಗೆಳತಿಯರಿಗೆ ಹೇಳುತ್ತಿದ್ದೆ. ಎಂಬತ್ತು ಎಣಿಸಿದರೆ ಗಂಟೆಗೆ ನಲವತ್ತೈದು, ಅರವತ್ತು ಎಣಿಸಿದರೆ ಅರವತ್ತು. ಯಾರೂ ಕೇಳುತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ.

ಇದನ್ನೆಲ್ಲ ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ ತಪ್ಪು ಲೆಕ್ಕ ಬಾರದವಳು ಮಾಡಿದ್ದಲ್ಲ. ಲೆಕ್ಕ ಬರುತ್ತದೆ ಎಂಬ ಸೊಕ್ಕಿನವಳು ಮಾಡಿದ್ದು.

ಕರೂರಿಗೆ ಸೊಸೆಯಾಗಿ ಬಂದ ಮೇಲೆ ಆ ಲೆಕ್ಕಕ್ಕೆ ಇಲ್ಲಿ ಕೆಲಸವಿರಲಿಲ್ಲ. ಕಣ್ಣು ಹಾಯಿಸಿದಷ್ಟೂ ಕಾಲುವೆ ನೀರಿನ ಭತ್ತ. ನಾಟಿ, ಕಳೆ, ಕೊಯ್ಲು, ನಡುವೆ ಸಿರುಗುಪ್ಪದ ಸಂತೆ, ಇಷ್ಟರಲ್ಲಿ ವರ್ಷ ಮುಗಿದುಹೋಗುತ್ತದೆ. ಹೀಗೆ ಹನ್ನೊಂದು ವರ್ಷ ಕಳೆದಿರುವಾಗ ನಮ್ಮ ಮಹಿಳಾ ಸಂಘಕ್ಕೆ ಒಂದು ಡ್ರೋನ್ ಬಂತು. ಗದ್ದೆಯ ಮೇಲೆ ಹಾರಾಡುತ್ತ ಔಷಧಿ ಸಿಂಪಡಿಸುವ ಯಂತ್ರ. ನಮ್ಮ ಕಡೆ ಔಷಧಿ ಸಿಂಪಡಿಸುವುದಕ್ಕೆ ಎಣ್ಣೆ ಹೊಡೆಯುವುದು ಅನ್ನುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಕೆಸರಿನಲ್ಲಿ ಅರ್ಧ ದಿನ ತಿರುಗಿ ಮಾಡುವ ಕೆಲಸವನ್ನು ಇದು ಚಹಾ ಕುದಿಯುವಷ್ಟರಲ್ಲಿ ಮುಗಿಸುತ್ತದೆ. ಅದನ್ನು ಹಾರಿಸಲು ಸಂಘದ ಒಬ್ಬ ಹೆಂಗಸು ತರಬೇತಿ ಪಡೆಯಬೇಕಿತ್ತು. ನಾನು ಯಾರ ಮುಖವನ್ನೂ ನೋಡದೆ ಕೈ ಎತ್ತಿದೆ. ಬಳ್ಳಾರಿಯಲ್ಲಿ ತರಬೇತಿ ಮುಗಿಸಿ, ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದೆ.

ಸಂಘದ ಅಧ್ಯಕ್ಷೆ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಗಟ್ಟಿ ಹೆಂಗಸು. ನೆಟ್ಟಗೆ ಇಸ್ತ್ರಿ ಮಾಡಿದ ಸೀರೆ, ಅಷ್ಟೇ ನೆಟ್ಟಗಿನ ಮಾತು. ಅವರು ಮೊದಲ ದಿನವೇ ಹೇಳಿದರು.

"ನೋಡವ್ವಾ, ಈ ಹಂಗಾಮಿನಾಗ ನೀನು ಛಲೋತ್ನಾಗ ಹಾರಿಸಿ ತೋರಿಸಿದ್ರ ನೀನ ಪೈಲಟ್. ಇಲ್ಲಾಂದ್ರ ಕುರುಗೋಡಿನ ಹುಡುಗಗ ಒಪ್ಪಿಸಿಬಿಡ್ತೀವಿ. ಸುಮ್ನ ಡಬ್ಬ್ಯಾಗ ಇಟ್ಟು ಪೂಜಿ ಮಾಡಾಕ ಬಂದಿಲ್ಲ ಇದು."

ಕುರುಗೋಡಿನ ಆ ಯುವಕ ತನ್ನದೇ ಒಂದು ಡ್ರೋನ್ ಇಟ್ಟುಕೊಂಡು ಬಾಡಿಗೆಗೆ ಹಾರಿಸುತ್ತಿದ್ದವನು. ಕೆಲಸ ಬಲ್ಲವನು, ಒಳ್ಳೆಯವನು ಕೂಡ. ಆದರೆ ಈ ಕೆಲಸ ನನಗೆ ಬೇಕಾಗಿತ್ತು. ಹನ್ನೊಂದು ವರ್ಷದಲ್ಲಿ ಬೇರೆ ಯಾವುದನ್ನೂ ನಾನು ಇಷ್ಟು ಬಯಸಿರಲಿಲ್ಲ. ರಿಮೋಟನ್ನು ಕೈಯಲ್ಲಿ ಹಿಡಿದಾಗ ಬಹಳ ದಿನ ಕಾಣದ ನನ್ನನ್ನೇ ನಾನು ಕಂಡ ಹಾಗಾಗುತ್ತಿತ್ತು.

ಮೊದಲ ಕೆಲಸ ನಮ್ಮೂರಿನಲ್ಲೇ. ಭತ್ತಕ್ಕೆ ಜಿಗಿಹುಳು ಬಿದ್ದಿತ್ತು. ಬೆಳಿಗ್ಗೆ ಆರೂವರೆಗೆ ಗದ್ದೆಯ ಬದುವಿನ ಮೇಲೆ ಡ್ರೋನ್ ಬಿಚ್ಚಿಟ್ಟೆ. ತರಬೇತಿಯಲ್ಲಿ ಕೊಟ್ಟ ಕಾಗದದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸಾಲಿತ್ತು: ಗಾಳಿಯ ವೇಗ ಐದು ದಾಟಿದರೆ ಹಾರಿಸಬೇಡಿ. ದಾಟಿದರೆ ಔಷಧಿ ನಮ್ಮ ಬೆಳೆಯ ಮೇಲೆ ಬೀಳದೆ ಪಕ್ಕದ ಹೊಲಕ್ಕೆ ತೇಲಿಹೋಗುತ್ತದೆ. ಫೋನು ತೆಗೆದು ಹವಾಮಾನ ನೋಡಿದೆ. ಹನ್ನೆರಡು ಅಂತಿತ್ತು. ಡ್ರೋನನ್ನು ಮತ್ತೆ ಮಡಚಿ ಡಬ್ಬಿಗೆ ಇಟ್ಟೆ.

ಎರಡನೆಯ ದಿನ ಹದಿಮೂರು. ಮೂರನೆಯ ದಿನ ಹನ್ನೊಂದು. ಗದ್ದೆಯ ಮಾಲೀಕರು ತೆಲುಗು ಮಾತಾಡುವ ಹಿರಿಯರು, ತಾಳ್ಮೆಯವರು. ಮೊದಲ ದಿನ ನಕ್ಕರು, ಎರಡನೆಯ ದಿನ ತಲೆ ತುರಿಸಿಕೊಂಡರು. ಮೂರನೆಯ ದಿನ ಭತ್ತದ ಗರಿಗಳನ್ನು ತೋರಿಸಿ, "ಗಾಳಿ ಲೇದಮ್ಮಾ, ನೋಡು, ಒಂದು ಗರಿ ಸುದ್ದಾ ಅಳ್ಳಾಡವಲ್ದು" ಅಂದರು.

"ನಿಮ್ಮ ಕಣ್ಣು ನೋಡಿ ಹಾರಿಸಾಕ ಆಗಂಗಿಲ್ರಿ. ಕಾಯ್ದೆ ಅಂದ್ರ ಕಾಯ್ದೆ," ಎಂದು ನಾನು ಹಾರಿಬಿದ್ದೆ. ಡ್ರೋನ್ ಹಾರದಿದ್ದರೂ ನಾನಂತೂ ದಿನಾ ಹಾರುತ್ತಿದ್ದೆ.

ಊರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೇ? ಚಹಾದಂಗಡಿಯ ಮುಂದೆ ಹೋದರೆ, "ಪೈಲಟಮ್ಮಾರ, ಇವತ್ತು ಗಾಳಿ ಒಪ್ಪಿಗಿ ಕೊಟ್ಟೈತೇನ್ರಿ?" ಎಂಬ ಪ್ರಶ್ನೆ. ನಳದ ಹತ್ತಿರ ಹೋದರೆ, ಹೆಂಗಸರು ಸೆರಗು ಬಿಗಿಹಿಡಿದುಕೊಂಡು ಗಾಳಿಗೆ ತೂರಾಡುವವರ ಹಾಗೆ ನಟಿಸುತ್ತಿದ್ದರು. ಅಧ್ಯಕ್ಷೆ ನಗಲಿಲ್ಲ. "ನಾಳಿ ಒಂದು ದಿನ ನೋಡ್ತೀನಿ," ಎಂದಷ್ಟೇ ಹೇಳಿ ಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತು ಫೋನು ನೋಡುತ್ತಿದ್ದೆ. ಮತ್ತೆ ಹನ್ನೆರಡು. ಪಕ್ಕದಲ್ಲೇ ನಮ್ಮ ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ರಾಶಿ ತೂರುವುದರಲ್ಲಿ ಅವರದು ಒಂದು ಕಾಲಕ್ಕೆ ಸುತ್ತಲಿನ ಊರುಗಳಿಗೆಲ್ಲ ಗೊತ್ತಿದ್ದ ಕೈ. ಕೊಯ್ಲಿನ ಯಂತ್ರಗಳು ಬರುವ ಮುಂಚೆ, ಯಾರ ಕಣದಲ್ಲಿ ರಾಶಿಯಾದರೂ ತೂರಲು ಇವರಿಗೆ ಕರೆ ಬರುತ್ತಿತ್ತಂತೆ.

ನನ್ನ ಮುಖ ನೋಡಿ ಅತ್ತೆ ಎದ್ದು ನಿಂತರು. ಮೊರದಿಂದ ಒಂದು ಹಿಡಿ ಹೊಟ್ಟು ತೆಗೆದು ತಲೆಯ ಮೇಲಿನ ಎತ್ತರದಿಂದ ಬಿಟ್ಟರು. ಹೊಟ್ಟು ಎರಡು ಹೆಜ್ಜೆ ಆಚೆ ಹೋಗಿ ಮೆಲ್ಲಗೆ ಬಿತ್ತು.

"ಇದೇನು ಗಾಳಿ ಬೇ? ನವಣಿ ತೂರಾಕ ಒಂದೀಟು ಹೆಚ್ಚು, ಜೋಳ ತೂರಾಕ ಒಂದೀಟು ಕಮ್ಮಿ. ಇದಕ್ಕ ಹೆದರಿ ಕುಂತೀಯೇನು?"

"ಅತ್ತಿ, ಫೋನಿನ್ಯಾಗ ಹನ್ನೆರಡು ಐತಿ. ಐದಕ್ಕಿಂತ ಹೆಚ್ಚಿದ್ರ ಹಾರಿಸಬಾರ್ದು."

"ಹನ್ನೆರಡು ಅಂದ್ರ ಹನ್ನೆರಡು ಏನು? ಸೇರೋ, ಮೊಳಾನೋ? ಐದು ಅಂದ್ರ ಐದು ಏನು?"

ಉತ್ತರ ಹೇಳಲೆಂದು ಫೋನನ್ನು ಕಣ್ಣಿನ ಹತ್ತಿರ ತಂದೆ. ದೊಡ್ಡ ಹನ್ನೆರಡರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಿದ್ದವು. ಗಂಟೆಗೆ ಕಿಲೋಮೀಟರ್. ಕೆಳಗೆ ಓಡಿಹೋಗಿ ತರಬೇತಿಯ ಕಾಗದ ಬಿಡಿಸಿದೆ. ಐದರ ಪಕ್ಕದಲ್ಲಿ, ಮಡಿಕೆಯ ಗೆರೆಯೊಳಗೆ ಅಡಗಿಕೊಂಡು ಕೂತಿತ್ತು: ಸೆಕೆಂಡಿಗೆ ಮೀಟರ್.

ಹನ್ನೆರಡನ್ನು ಐದರಿಂದ ಗುಣಿಸಿದರೆ ಅರವತ್ತು. ಹದಿನೆಂಟರಿಂದ ಭಾಗಿಸಿದರೆ ಮೂರು ಚಿಲ್ಲರೆ. ಐದಕ್ಕೆ ಇನ್ನೂ ಬೇಕಾದಷ್ಟು ದೂರ. ಆ ಮೂರೂ ದಿನ ಗಾಳಿ ನನಗಾಗಿಯೇ ಸುಮ್ಮನೆ ಕೂತಿತ್ತು. ಬಸ್ಸಿನ ವೇಗವನ್ನು ಯಾರೂ ಕೇಳದೆ ಲೆಕ್ಕ ಹಾಕಿ ಹೇಳುತ್ತಿದ್ದವಳು ನಾನು. ಅಂಕಿ ಮಾತ್ರ ನೋಡಿ, ಅದು ಯಾವುದರ ಅಂಕಿ ಎಂದು ನೋಡಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದವು. ಅದರ ಬೆನ್ನಿಗೇ ನಗು ಬಂತು. ಅಡುಗೆಮನೆಯ ಬಾಗಿಲಿಗೆ ಒರಗಿ ಒಬ್ಬಳೇ ನಗುವುದನ್ನು ಕಂಡು ಮನೆಯವರು, "ಇಕಿಗೆ ಗಾಳಿ ಹಿಡದೈತಿ," ಅಂದರು.

ತಪ್ಪು ಒಪ್ಪಿಕೊಳ್ಳುವುದೆಂದರೆ ನನಗೆ ಬೇವಿನ ಕಷಾಯ. ಆದರೂ ಅಧ್ಯಕ್ಷೆಯ ಮನೆಗೆ ಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಮತ್ತ ಇನ್ನೂ ಇಲ್ಲ್ಯಾಕ ನಿಂತೀಯ?" ಎಂದು ಕೇಳಿದರು.

ಅರ್ಧ ಗಂಟೆಯಲ್ಲಿ ಡ್ರೋನ್ ಮೇಲೆದ್ದಿತು. ಅದರ ಸದ್ದು ಕೇಳಿ ಊರಿಗೆ ಊರೇ ಬದುವಿಗೆ ಬಂತು. ಭತ್ತದ ಮೇಲೆ ಅದು ನೇರ ಗೆರೆಯಲ್ಲಿ ಹೋಗಿ, ತುದಿಯಲ್ಲಿ ತಿರುಗಿ, ಮತ್ತೆ ನೇರ ಗೆರೆಯಲ್ಲಿ ಬರುವುದನ್ನು ನೋಡುತ್ತ ನನ್ನ ಕಣ್ಣು ತುಂಬಿ ಬಂದವು. ಎರಡೂ ಕೈ ರಿಮೋಟಿನ ಮೇಲಿದ್ದರಿಂದ ಒರೆಸಿಕೊಳ್ಳಲು ಆಗಲಿಲ್ಲ.

ರಿಮೋಟಿನಲ್ಲಿ ವೇಗ ನಾಲ್ಕು ಅಂತಿತ್ತು. "ಬರೀ ನಾಲ್ಕಾ?" ಎಂದು ಬೈಕಿನ ಮೇಲೆ ಕೂತಿದ್ದವನೊಬ್ಬ ಮೂಗು ಮುರಿದ. ಸೆಕೆಂಡಿಗೆ ನಾಲ್ಕು ಮೀಟರ್ ಅಂದರೆ ನಿನ್ನ ಬೈಕಿನ ಮುಳ್ಳಿನಲ್ಲಿ ಗಂಟೆಗೆ ಹದಿನಾಲ್ಕೂವರೆ ಎಂದೆ. ಮೈಲಿನಲ್ಲಿ ಎಷ್ಟು ಎಂದು ಒಬ್ಬ ಅಜ್ಜ ಕೇಳಿದರು. ಅವರಿಗೆ ಒಂಬತ್ತು ಮೈಲು. "ಎತ್ತಿನ ಲೆಕ್ಕದಾಗ ಹೇಳವಾ," ಎಂದು ಇನ್ನೊಬ್ಬರು ಕೇಳಿದರು. ನಡೆಯುವ ಎತ್ತು ಗಂಟೆಗೆ ಮೂರು ಮೂರೂವರೆ ಕಿಲೋಮೀಟರ್ ಹೋದೀತು. ಹಾಗಾಗಿ ನಾಲ್ಕು ಎತ್ತಿನಷ್ಟು ಎಂದೆ. ನಾಲ್ಕು ಎತ್ತು ಕಟ್ಟಿದರೂ ಅದೇ ನಡಿಗೆ ತಾನೇ ಎಂದು ಅಜ್ಜಂದಿರಿಬ್ಬರ ನಡುವೆ ವಾದ ಹುಟ್ಟಿತು. ಡ್ರೋನ್ ಇಳಿದ ಮೇಲೂ ಅದು ಮುಗಿಯಲಿಲ್ಲ.

ಅಂದಿನಿಂದ ನಾನು ಅತ್ತೆಯ ಶಿಷ್ಯೆಯಾದೆ. ಅವರ ಗಾಳಿಗೆ ಮೂರು ಹೆಸರು. ಹಗುರ ಕಾಳಿಗೆ ಹಗುರ ಗಾಳಿ ಬೇಕು, ಇಲ್ಲದಿದ್ದರೆ ಹೊಟ್ಟಿನ ಜೊತೆ ಕಾಳೂ ಹಾರಿಹೋಗುತ್ತದೆ. ಅದು ನವಣೆ ಗಾಳಿ. ಅದಕ್ಕಿಂತ ಜೋರಿನದು ಜೋಳದ ಗಾಳಿ. ಕಡಲೆ ತೂಕದ ಕಾಳು, ಅದರ ಗಾಳಿ ಎಲ್ಲಕ್ಕಿಂತ ಜೋರು. ಹದಿನೈದು ದಿನ ಬೆಳಿಗ್ಗೆ ಸಂಜೆ ಮಾಳಿಗೆ ಹತ್ತಿ ಅವರು ಹೊಟ್ಟು ಬಿಟ್ಟರು, ನಾನು ಫೋನು ನೋಡಿ ಬರೆದುಕೊಂಡೆ. ಆಮೇಲೆ ಡ್ರೋನಿನ ಡಬ್ಬಿಯ ಮುಚ್ಚಳದ ಒಳಗೆ ಒಂದು ಪಟ್ಟಿ ಅಂಟಿಸಿದೆ. ನವಣೆ ಗಾಳಿ: ಸೆಕೆಂಡಿಗೆ ಎರಡು ಮೀಟರಿನೊಳಗೆ, ಗಂಟೆಗೆ ಏಳು ಕಿಲೋಮೀಟರಿನೊಳಗೆ. ಜೋಳದ ಗಾಳಿ: ಮೂರೂವರೆಯಿಂದ ನಾಲ್ಕೂವರೆ, ಕಿಲೋಮೀಟರಿನಲ್ಲಿ ಹದಿಮೂರರಿಂದ ಹದಿನಾರು. ಕಡಲೆ ಗಾಳಿ: ಐದರ ಮೇಲೆ, ಅಂದರೆ ಹದಿನೆಂಟರ ಮೇಲೆ. ಹಾರಿಸಬಾರದು. ಫೋನಿನಲ್ಲೂ ಮೀಟರ್ ಲೆಕ್ಕವೇ ಕಾಣುವಂತೆ ಬದಲಾಯಿಸಿಕೊಂಡೆ.

ಕರೂರಿನ ಕೆಲಸ ಮುಗಿದ ಮೇಲೆ ಬಾದನಹಟ್ಟಿಯಿಂದ ಕರೆ ಬಂತು. ಕುರುಗೋಡು ತಾಲ್ಲೂಕಿನ ಊರು, ದೊಡ್ಡ ಮೆಣಸಿನಕಾಯಿ ಹೊಲ, ಎಲೆ ಮುದುಡುವ ರೋಗ. ಇದು ಚೆನ್ನಾಗಿ ಆದರೆ ಆ ಕಡೆಯ ಕೆಲಸವೆಲ್ಲ ಸಂಘಕ್ಕೆ ಸಿಗುತ್ತದೆ ಎಂದು ಅಧ್ಯಕ್ಷೆಯೇ ಜೊತೆಗೆ ಹೊರಟರು. ಮೇಲಿನವರಿಗೆ ಫೋಟೋ ಕಳಿಸಬೇಕೆಂದು ಹೊಸ ಸೀರೆ ಉಟ್ಟಿದ್ದರು. ಮೂರು ಗಾಲಿಯ ಟಂಟಂ ಗಾಡಿಯ ಹಿಂದೆ ಡ್ರೋನ್, ನಾನು, ಅಧ್ಯಕ್ಷೆ. ಮುಂದೆ ಗಾಡಿ ಹೊಡೆಯುವ ನಮ್ಮ ಮನೆಯವರು, ಅವರ ಪಕ್ಕದಲ್ಲಿ ಮಡಿಲಲ್ಲಿ ಹೊಟ್ಟಿನ ಚೀಲ ಇಟ್ಟುಕೊಂಡ ಅತ್ತೆ. ಹೊಲ ತಲುಪಿದಾಗ ಕುರುಗೋಡಿನ ಆ ಯುವಕ ಮೊದಲೇ ಬಂದು ನಿಂತಿದ್ದ. ಹೊಲದ ಮಾಲೀಕರಾದ ಗೌಡರಿಗೆ ಪರಿಚಯದವನಂತೆ. "ನೋಡಿ ಹೋಗಾಣ ಅಂತ ಬಂದೀನಿ ಅಕ್ಕಾ," ಎಂದು ನಕ್ಕ.

ಫೋನು ನೋಡಿದೆ. ನಾಲ್ಕು. ಅದೂ ಸೆಕೆಂಡಿಗೆ ಮೀಟರ್, ಈ ಸಲ ಎರಡೆರಡು ಬಾರಿ ಓದಿದೆ. ಹಾರಿಸಬಹುದಿತ್ತು. ಅಷ್ಟರಲ್ಲಿ ಅತ್ತೆ ಹೊಲದ ಅಂಚಿಗೆ ಹೋಗಿ ಒಂದು ಹಿಡಿ ಹೊಟ್ಟು ಬಿಟ್ಟರು. ಅದು ಅವರ ಕಾಲ ಬಳಿ ಬೀಳಲೇ ಇಲ್ಲ, ಬದು ದಾಟಿ ಹೋಯಿತು.

"ಕಡ್ಲಿ ಗಾಳಿ," ಅಂದರು ಅತ್ತೆ.

ಸುತ್ತ ನೋಡಿದೆ. ಎರಡು ಬಂಡೆಗುಡ್ಡಗಳ ನಡುವಿನ ಸಂದಿಗೆ ನೇರವಾಗಿ ಇತ್ತು ಆ ಹೊಲ. ಫೋನು ಹೇಳಿದ್ದು ಊರಿನ ಗಾಳಿ. ಆ ಸಂದಿಯಲ್ಲಿ ನುಗ್ಗಿ ಬರುತ್ತಿದ್ದುದು ಬೇರೆ ಗಾಳಿ. ಬದುವಿನ ಆಚೆ ಒಬ್ಬಾಕೆಯ ಪುಂಡಿಪಲ್ಯದ ಹೊಲ, ತಳತಳ ಹಸಿರಿನ ಹುಳಿಸೊಪ್ಪು. ಮರುದಿನ ಬೆಳಿಗ್ಗೆ ಕಿತ್ತು ಬಳ್ಳಾರಿಯ ಮಾರ್ಕೆಟ್ಟಿಗೆ ಒಯ್ಯುವುದು ಎಂದು ಆಕೆ ಆಗಲೇ ಹೇಳಿದ್ದಳು. ಔಷಧಿ ತೇಲಿದರೆ ಬೀಳುವುದು ಅಲ್ಲೇ, ಅಲ್ಲಿಂದ ಬಳ್ಳಾರಿಯ ಯಾರೋ ಮಕ್ಕಳ ತಟ್ಟೆಗೆ.

ನನ್ನ ಸಂಕಟ ಇದು. ಮೂರು ದಿನ ಬೇಡ ಬೇಡ ಎಂದು ಕೂತು ನಗೆಪಾಟಲಾದವಳು ನಾನು. ಈಗ ಫೋನೂ ಹಾರಿಸು ಅನ್ನುತ್ತಿದೆ, ಗೌಡರೂ ಅನ್ನುತ್ತಿದ್ದಾರೆ, ನನ್ನ ಜಾಗಕ್ಕೆ ಬರಬಹುದಾದವನು ಎದುರಿಗೇ ನಿಂತಿದ್ದಾನೆ. ಮತ್ತೆ ಬೇಡ ಅಂದರೆ ನನ್ನನ್ನು ಯಾರು ನಂಬುತ್ತಾರೆ? ಹಾರಿಸಿಬಿಡು ಎಂದು ಮನಸ್ಸು ಹೇಳಿತು. ನಿಜ ಹೇಳಬೇಕೆಂದರೆ, ಕೈ ರಿಮೋಟಿಗೆ ಹೋಗಿಯೂ ಇತ್ತು.

"ಇವತ್ತು ಬ್ಯಾಡ್ರಿ," ಅಂದೆ. "ಗಾಳಿ ಜಾಸ್ತಿ ಐತಿ."

ಅಧ್ಯಕ್ಷೆಯ ಮುಖ ಕೆಂಪಾಯಿತು. "ಮತ್ತ ಶುರು ಮಾಡಿದೇನವ್ವಾ? ನಾಲ್ಕು ಅಂತ ನಿನ್ನ ಫೋನ ಹೇಳಾಕತ್ತೈತಿ!"

"ನಾಲ್ಕಾದ್ರ ಹಾರಿಸಬಹುದ್ರಿ," ಎಂದು ಯುವಕನೂ ಮೆಲ್ಲಗೆ ಅಂದ.

ನನಗೆ ರೇಗಿತು. ಆದರೆ ಆ ದಿನ ಕೋಪಕ್ಕೂ ಸ್ವಲ್ಪ ಬುದ್ಧಿ ಬಂದಿತ್ತು. "ಅಕ್ಕಾರ, ಟಾಕಿಗೆ ಬರೀ ನೀರು ಹಾಕ್ತೀನಿ. ನೀವು ಬದು ದಾಟಿ ಇಪ್ಪತ್ತು ಹೆಜ್ಜಿ ಆಚಿಗೆ ಪುಂಡಿಪಲ್ಯದಾಗ ನಿಂದರ್ರಿ. ನಾನು ಈ ಅಂಚಿಗೆ ಒಂದು ಸುತ್ತು ಹಾರಿಸ್ತೀನಿ. ನಿಮ್ಮ ಮ್ಯಾಲ ಒಂದು ಹನಿ ಬೀಳಲಿಲ್ಲಾಂದ್ರ ಡ್ರೋನ್ ಆ ತಮ್ಮನ ಕೈಗೇ ಕೊಡ್ರಿ, ನಾನು ಮನಿಗೆ ಹೋಕ್ಕೀನಿ."

ಅಧ್ಯಕ್ಷೆ ಹಟದವರು. ಸೀರೆಯ ಅಂಚು ಎತ್ತಿ ಹಿಡಿದು, ಎಣಿಸಿ ಇಪ್ಪತ್ತು ಹೆಜ್ಜೆ ಹೋಗಿ ನಿಂತರು. ಪುಂಡಿಪಲ್ಯದ ಒಡತಿಯೂ ಹೋಗಿ ಪಕ್ಕದಲ್ಲಿ ನಿಂತಳು. ನಾನು ತೊಳೆದ ಟಾಕಿಗೆ ನೀರು ತುಂಬಿ ಡ್ರೋನ್ ಎತ್ತಿದೆ. ಮೆಣಸಿನ ಹೊಲದ ಅಂಚಿನಲ್ಲೇ ನೇರವಾಗಿ ಹೋಯಿತು. ಅರ್ಧ ದೂರ ಹೋಗುವುದರೊಳಗೆ ಅಧ್ಯಕ್ಷೆ ಒಮ್ಮೆ ಮುಖ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. ಆಮೇಲೆ ಕನ್ನಡಕ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಗಾಜಿನ ತುಂಬ ಸಣ್ಣ ಸಣ್ಣ ಹನಿ.

"ಅಯ್ಯಯ್ಯೋ, ನನ್ನ ಹೊಸಾ ಸೀರಿ!" ಎಂದು ಅವರು ಕೂಗಿದ್ದು ಕೇಳಿ ಮೊದಲು ನಕ್ಕವಳು ಪುಂಡಿಪಲ್ಯದಾಕೆ. ಆಮೇಲೆ ಅಧ್ಯಕ್ಷೆಗೇ ನಗು ತಡೆಯಲಾಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಗದ್ದಲವೆಬ್ಬಿಸಿ ನಕ್ಕರು. ಗೌಡರು, ಆ ಯುವಕ, ನಮ್ಮ ಮನೆಯವರು, ಎಲ್ಲರೂ ನಕ್ಕರು. ಯುವಕ ಅತ್ತೆಯ ಬಳಿ ಹೋಗಿ, "ಅಜ್ಜೀ, ಆ ಹೊಟ್ಟು ಹೆಂಗ ಬಿಡೂದು, ನನಗೂ ತೋರಸ್ರಿ," ಎಂದು ಕೇಳಿದ. ಅತ್ತೆ ಅವನ ಕೈಗೆ ಒಂದು ಹಿಡಿ ಕೊಟ್ಟು, ಎಷ್ಟು ಎತ್ತರ ಹಿಡಿಯಬೇಕೆಂದು ತೋರಿಸಿದರು. ಅವನು ಬಿಟ್ಟ ಹೊಟ್ಟೆಲ್ಲ ಅವನ ಮೀಸೆಯ ಮೇಲೇ ಬಿತ್ತು.

ಮರುದಿನ ಬೆಳಿಗ್ಗೆ ಬೇಗ ಮತ್ತೆ ಹೋದೆವು. ಗಾಳಿ ಮಲಗಿತ್ತು, ನವಣೆಗೂ ಸಾಲದಷ್ಟು. ಪುಂಡಿಪಲ್ಯವನ್ನೆಲ್ಲ ಕಿತ್ತು ಆಗಿತ್ತು. ಎರಡು ಗಂಟೆಯಲ್ಲಿ ಹೊಲ ಮುಗಿಸಿದೆ. ಹೊರಡುವಾಗ ಆಕೆ ಒಂದು ದೊಡ್ಡ ಕಟ್ಟು ಪುಂಡಿಪಲ್ಯವನ್ನು ಗಾಡಿಯಲ್ಲಿ ಇಟ್ಟಳು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಅತ್ತೆ ಮಾಡಿದ ಆ ಪಲ್ಯಕ್ಕೆ ನಾನು ನಾಲ್ಕು ಜೋಳದ ರೊಟ್ಟಿ ತಿಂದೆ.

ಹಂಗಾಮು ಮುಗಿದ ಮೇಲೆ ಸಂಘದ ಸಭೆ ಸೇರಿತು. ಅತ್ತೆ ಸಂಘದವರಲ್ಲ, ಆದರೂ ಬಂದು ಹೊಸ್ತಿಲ ಹತ್ತಿರ ಕೂತಿದ್ದರು. "ಪೈಲಟ್ ಇಕಿನ ಇರ್ಲಿ ಅನ್ನೋರು ಕೈ ಎತ್ತರಿ," ಅಂದರು ಅಧ್ಯಕ್ಷೆ. ಎಲ್ಲ ಕೈಗಳೂ ಎದ್ದವು. ನಳದ ಹತ್ತಿರ ಗಾಳಿಗೆ ತೂರಾಡಿದವರದೂ ಎದ್ದವು. ನನಗೆ ಬಹಳ ಸಂತೋಷವಾಯಿತು.

ಆಗ ಅತ್ತೆ ಕೂತಲ್ಲಿಂದಲೇ ಕೇಳಿದರು. "ಇಕಿ ಹಾರಿಸ್ತೀನಿ ಅಂದಾಗ ಎಲ್ಲಾರೂ ಕೈ ಎತ್ತೀರಿ, ಭಾಳ ಛಲೋ ಆತು. ಬ್ಯಾಡ ಅಂದಾಗೂ ಎತ್ತತೀರೇನು?"

ಅಧ್ಯಕ್ಷೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ನನಗೆ ಸ್ವಲ್ಪ ಬೇಸರವೂ ಆಯಿತು.

ಎರಡನೆಯ ಬೆಳೆಗೆ ಎಣ್ಣೆ ಹೊಡೆಯುವ ದಿನ ಬಂದಾಗ ಒಂದು ಬೆಳಿಗ್ಗೆ ಅಧ್ಯಕ್ಷೆಯ ಫೋನು ಬಂತು. ಅವರ ಸ್ವಂತ ಗದ್ದೆ, ಹುಳು ಜೋರಾಗಿತ್ತು, ಆಳುಗಳು ಬದುವಿನ ಮೇಲೆ ಕಾಯುತ್ತಿದ್ದರು. ಅತ್ತೆ ಮಾಳಿಗೆಯಿಂದ ಇಳಿದು ಬಂದು ಬೇಡವೆಂದು ತಲೆ ಅಲ್ಲಾಡಿಸಿದರು.

"ಅಕ್ಕಾರ, ಇವತ್ತು ಬ್ಯಾಡ್ರಿ," ಅಂದೆ. ಇನ್ನು ಗಾಳಿ ಎಷ್ಟಿದೆ, ಯಾವ ಲೆಕ್ಕದಲ್ಲಿ ಎಷ್ಟು ಎಂದೆಲ್ಲ ಹೇಳಲು ಉಸಿರು ಎಳೆದುಕೊಂಡೆ.

"ಆತು ಬಿಡವ್ವಾ," ಅಂದರು ಅವರು. "ಆಳು ವಾಪಸ್ ಕಳಸ್ತೀನಿ. ನೀನು ಹೇಳಿದ ದಿನ ಮಾಡೋಣ."

ಅವರು ಫೋನು ಇಟ್ಟ ಮೇಲೂ ನಾನು ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ. ಗಾಳಿ ಎಷ್ಟು ಎಂದು ಅವರು ಕೇಳಿರಲಿಲ್ಲ.